ಅಜ್ಜಿಯ ತವರು ಸಿಕ್ಕಿದ್ದು ಹಳೇ ಪೇಪರ್‌ನ ನಿಧನ ವಾರ್ತೆಯಲ್ಲಿ

ಹೋದ ತಿಂಗಳು ಈ ಕೆಲಸ ಅಂತೂ ಒಂದು ದಡ ಮುಟ್ತು. ಮರೆತು ಹೋಗೋದ್ರೊಳಗೆ ಬರೆದಿಡೋಣ ಅಂತ ಕೂತಿದೀನಿ, ಯಾಕಂದ್ರೆ ಹಳೇ ಕನ್ನಡ ಪೇಪರ್‌ಗಳಲ್ಲಿ ನಮ್ಮ ಮನೆತನದವರನ್ನ ಹುಡುಕೋದು ಹೇಗೆ ಅಂತ ಹೇಳಿಕೊಡೋರು ನನಗಂತೂ ಯಾರೂ ಸಿಗ್ಲಿಲ್ಲ. ಇಂಗ್ಲಿಷ್‌ನಲ್ಲಿ ಸಿಗೋ ಸಲಹೆಯೆಲ್ಲ ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾದವರಿಗೆ, ಅಲ್ಲಿ ಹೆಸರು ಟೈಪ್ ಮಾಡಿದ್ರೆ ನೂರು ವರ್ಷದ ಹಿಂದಿನ ಪುಟ ಕಂಪ್ಯೂಟರ್‌ನಲ್ಲೇ ಬಂದುಬಿಡುತ್ತೆ. ನಮ್ಮಲ್ಲಿ ಕೈಯಲ್ಲಿ ಪುಟ ತಿರುವೋದೇ ಗತಿ.

ಹಿನ್ನೆಲೆ ಸ್ವಲ್ಪ ಹೇಳ್ತೀನಿ. ನಮ್ಮಪ್ಪ ಹುಟ್ಟಿದ್ದು 1943ರಲ್ಲಿ, ಹಳೇ ಧಾರವಾಡ ಜಿಲ್ಲೆಯ ಒಂದು ಹಳ್ಳಿಲಿ. ಅವರಿಗೆ ಆರು ವರ್ಷ ಇದ್ದಾಗ ಅವರವ್ವ ತೀರಿಕೊಂಡ್ರು. ಅಜ್ಜ ಇನ್ನೊಂದು ಮದುವೆ ಆದ್ರು, ಎರಡನೇ ಅಜ್ಜಿ ಅಪ್ಪನ್ನ ಚೆನ್ನಾಗೇ ನೋಡ್ಕೊಂಡ್ರು, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ಮೊದಲನೇ ಅಜ್ಜಿಯ ತವರಿನ ಕಡೆ ಹೋಗಿಬರೋದು ಮಾತ್ರ ನಿಧಾನಕ್ಕೆ ನಿಂತುಹೋಯ್ತು. ಎಂಬತ್ತು ದಾಟಿದ ಮೇಲೆ ಅಪ್ಪ ಪದೇ ಪದೇ ಒಂದೇ ಮಾತು ಶುರು ಮಾಡಿದ್ರು, "ನಮ್ಮವ್ವನ ಕಡೆಯವ್ರು ಯಾರರೆ ಇದ್ದಾರೇನು ನೋಡೋ." ಅವರವ್ವನ ಮುಖ ಅವರಿಗೆ ನೆನಪಿಲ್ಲ. ಫೋಟೋ ಒಂದಿದೆ, ಅದರಲ್ಲಿ ಅಜ್ಜಿ ಸೆರಗು ಹೊದ್ದು ಕೂತಿದಾರೆ, ಫೋಟೋ ಅರ್ಧ ಬೆಳ್ಳಗಾಗಿದೆ.

ಮನೆಲಿ ಕಾಗದ ಪತ್ರ ಏನಾದ್ರೂ ಇರಬಹುದು ಅಂತ ಟ್ರಂಕ್ ಎಲ್ಲ ತೆಗೆದೆ. ಹೊಲದ ಕಾಗದ, ಸಾಲದ ಚೀಟಿ, ಮದುವೆ ಆಮಂತ್ರಣ, ಜಾತಕ ಎಲ್ಲಾ ಇದ್ವು. ಸಾವಿಗೆ ಸಂಬಂಧಪಟ್ಟ ಒಂದೇ ಒಂದು ಚೂರೂ ಇಲ್ಲ. ಅಪ್ಪನೇ ಹೇಳಿದ್ರು, ಯಾರಾದ್ರೂ ತೀರಿಕೊಂಡ ಸುದ್ದಿ ಹೊತ್ತು ಕಾರ್ಡ್ ಬಂದ್ರೆ ಬಾಗಿಲಲ್ಲೇ ಓದಿ ಹರಿದು ಹಾಕ್ತಿದ್ರಂತೆ, ಮನೆ ಒಳಗೆ ಇಟ್ಕೋಬಾರದು ಅಂತ. ನಮ್ಮ ಕಡೆ ಮನೆತನದ ಚರಿತ್ರೆ ಹುಡುಕೋಕೆ ಹೊರಟವರಿಗೆ ಇದೊಂದು ದೊಡ್ಡ ಗೋಡೆ. ಹುಟ್ಟಿದ್ದು, ಮದುವೆ ಆಗಿದ್ದು ಉಳಿದಿರುತ್ತೆ, ಸತ್ತಿದ್ದು ಮನೆಲಿ ಉಳಿಯಲ್ಲ. ಉಳಿದ್ರೆ ಪೇಪರ್‌ಲಿ ಉಳಿದಿರ್ಬೇಕು, ಇಲ್ಲಾ ಸರ್ಕಾರದ ರಿಜಿಸ್ಟರ್‌ಲಿ.

(ಕೆಲವು ಮನೆತನದವರಿಗೆ ಹೆಳವರು ಬರ್ತಾರೆ, ಎತ್ತಿನ ಜೊತೆ ಊರೂರು ತಿರುಗಿ ವಂಶಾವಳಿ ಹೇಳೋರು. ನಿಮ್ಮ ಊರಿಗೆ ಅವರು ಬರ್ತಿದ್ರೆ ದಯವಿಟ್ಟು ಮೊದಲು ಅವರನ್ನ ಹಿಡೀರಿ, ಪೇಪರ್‌ಗಿಂತ ಎಷ್ಟೋ ಹಿಂದಿನದು ಅವರ ಹತ್ರ ಸಿಗಬಹುದು. ನಮ್ಮ ಮನೆಗೆ ಆ ಭಾಗ್ಯ ಇರ್ಲಿಲ್ಲ.)

ಮೊದಲು ಇಸವಿ ಗೊತ್ತಾಗ್ಬೇಕಿತ್ತು. ಅಪ್ಪ ವರ್ಷ ವರ್ಷ ಅವರವ್ವನ ಶ್ರಾದ್ಧ ಮಾಡ್ತಾರೆ, ಹಾಗಾಗಿ ಮಾಸ, ಪಕ್ಷ, ತಿಥಿ ಪಕ್ಕಾ ಗೊತ್ತು, ಆದ್ರೆ ತಿಥಿಲಿ ಇಸವಿ ಇರಲ್ವಲ್ಲ. ಸಂವತ್ಸರದ ಹೆಸರು ಯಾರಿಗಾದ್ರೂ ನೆನಪಿದ್ರೆ ಕೆಲಸ ಆಗುತ್ತೆ. ಧಾರವಾಡದಲ್ಲಿರೋ ಅತ್ಯಾ, ಅಂದ್ರೆ ಅಪ್ಪನ ಸೋದರತ್ತೆ ಮಗಳು, ತೊಂಬತ್ತರ ಹತ್ತಿರ, ಫೋನ್‌ನಲ್ಲಿ ಕೇಳಿದ ಕೂಡಲೇ "ವಿರೋಧಿ ಸಂವತ್ಸರ" ಅಂದ್ರು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತೆ, ವಿರೋಧಿ ಅಂದ್ರೆ 1949ರ ಯುಗಾದಿಯಿಂದ 1950ರ ಯುಗಾದಿವರೆಗೆ. ಹಿಂದಿನದು 1889, ಮುಂದಿನದು 2009, ಎರಡೂ ಆಗೋ ಮಾತಲ್ಲ. ನೀವು ಲೆಕ್ಕ ಹಾಕುವಾಗ ಒಂದು ನೋಡ್ಕೊಳ್ಳಿ, ಪುಷ್ಯ, ಮಾಘ, ಫಾಲ್ಗುಣದಲ್ಲಿ ತೀರಿದವರಾಗಿದ್ರೆ ಇಂಗ್ಲಿಷ್ ಇಸವಿ ಸಾಮಾನ್ಯವಾಗಿ ಒಂದು ಮುಂದೆ ಹೋಗುತ್ತೆ.

ಇಸವಿ ಸಿಕ್ಕಿದ ಮೇಲೆ ಮೊದಲು ತಾಲೂಕು ಆಫೀಸಿಗೆ ಹೋದೆ, ಯಾವ ತಾಲೂಕು ಅಂತ ಬೇಡ. ಈಗಿರೋ ಜನನ ಮರಣ ನೋಂದಣಿ ಕಾಯ್ದೆ ಬಂದಿದ್ದು 1969ರಲ್ಲಿ. ಅದಕ್ಕೂ ಹಿಂದೆ ಹಳ್ಳಿಗಳಲ್ಲಿ ರಿಜಿಸ್ಟರ್ ಇರ್ತಿತ್ತು, ಕೆಲವು ಕಡೆ ಇನ್ನೂ ಇದೆ, ಕೆಲವು ಕಡೆ ಗೆದ್ದಲು ತಿಂದಿದೆ. ಅರ್ಜಿ ಕೊಟ್ಟು, ಶೋಧನಾ ಶುಲ್ಕ ಕಟ್ಟಿ, ನಾಳೆ ಬನ್ನಿ ನಾಡಿದ್ದು ಬನ್ನಿ ಆಗಿ, ಕೊನೆಗೆ ದಾಖಲೆ ಲಭ್ಯವಿಲ್ಲ ಅನ್ನೋ ಪ್ರಮಾಣಪತ್ರ ಕೈಗೆ ಬಂತು. ಅದನ್ನ ಬಿಸಾಡಬೇಡಿ. ಮುಂದೆ ಪೌತಿ ಖಾತೆಗೋ (ಸತ್ತವರ ಹೆಸರಲ್ಲಿರೋ ಜಮೀನನ್ನ ವಾರಸುದಾರರ ಹೆಸರಿಗೆ ಮಾಡ್ಸೋದು) ಇನ್ನೊಂದಕ್ಕೋ ಹಳೇ ಸಾವನ್ನ ತಡವಾಗಿ ನೋಂದಾಯಿಸಬೇಕು ಅಂದ್ರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕಾಗುತ್ತೆ, ಆವಾಗ ಈ ಕಾಗದ ಕೇಳ್ತಾರೆ. ಪೇಪರ್‌ನ ನಿಧನ ವಾರ್ತೆ ಕಟಿಂಗ್ ಇಟ್ಕೊಂಡ್ರೆ ಅಷ್ಟೇ ಸಾಕು ಅಂತ ಕೆಲವರು ಅನ್ಕೊಂಡಿರ್ತಾರೆ, ಬರೀ ಅದರ ಮೇಲೆ ಯಾರೂ ಸರ್ಟಿಫಿಕೇಟ್ ಕೊಡಲ್ಲ, ಬೇರೆ ದಾಖಲೆ ಜೊತೆ ಒಂದು ಪೂರಕ ಅಷ್ಟೇ.

ಇಲ್ಲಿ ಇನ್ನೊಂದು ಗೊಂದಲ ಇದೆ, ಹೇಳಿಬಿಡ್ತೀನಿ. ಗದಗ, ಹಾವೇರಿ ಎರಡೂ 1997ರವರೆಗೆ ಧಾರವಾಡ ಜಿಲ್ಲೆಯಲ್ಲೇ ಇದ್ವು. ಅದಕ್ಕೂ ಹಿಂದೆ, 1956ರ ನವೆಂಬರ್ 1ಕ್ಕೆ ಮೊದಲು, ಆ ಜಿಲ್ಲೆ ಇದ್ದಿದ್ದು ಮುಂಬಯಿ ರಾಜ್ಯದಲ್ಲಿ. ಹಾಗಾಗಿ ಈಗಿನ ಜಿಲ್ಲೆ ಹೆಸರು ಹಿಡ್ಕೊಂಡು ಹಳೇ ಕಡತ ಕೇಳಿದ್ರೆ "ನಮ್ಮಲ್ಲಿಲ್ಲ" ಅಂತಾರೆ. ಮಂಗಳೂರಿನ ಕಡೆಯವರಿಗೆ ಮದ್ರಾಸು, ಕಲಬುರಗಿ ಕಡೆಯವರಿಗೆ ಹೈದರಾಬಾದ್, ಹೀಗೆ ಒಬ್ಬೊಬ್ಬರದು ಒಂದೊಂದು ದಿಕ್ಕು.

1949ರಲ್ಲಿ ಹಳ್ಳಿಲಿ ತೀರಿದ ಇಪ್ಪತ್ತೇಳು ಇಪ್ಪತ್ತೆಂಟರ ಹೆಣ್ಣುಮಗಳ ಸುದ್ದಿ ಪೇಪರ್‌ಲಿ ಬಂದಿರಲ್ಲ ಅಂತ ನನಗೆ ಗೊತ್ತಿತ್ತು. ಹಾಗಾಗಿ ಅಜ್ಜಿನ ಹುಡುಕೋ ಬದ್ಲು ಅಜ್ಜಿಗಾಗಿ ಅತ್ತಿರೋರು ಯಾರು ಅಂತ ಹುಡುಕ್ಬೇಕಿತ್ತು. ಈ ಬರಹದಲ್ಲಿ ಒಂದೇ ಒಂದು ವಿಷಯ ನೀವು ತಗೊಂಡು ಹೋಗೋದಾದ್ರೆ ಇದನ್ನ ತಗೊಳ್ಳಿ. ನಿಮಗೆ ಬೇಕಾದವರ ಹೆಸರೇ ಹುಡುಕ್ತಾ ಕೂರಬೇಡಿ, ಅವರ ಅಣ್ಣ ತಮ್ಮಂದಿರು, ಅಳಿಯಂದಿರು, ಸೊಸೆಯಂದಿರು ಇವರೆಲ್ಲ ಆಮೇಲೆ ತೀರಿಕೊಂಡಿರ್ತಾರಲ್ಲ, ಆ ವಾರ್ತೆಗಳನ್ನ ಹುಡುಕಿ. ಕೊನೆಗೆ ತೀರಿದವರಿಂದ ಹಿಂದಕ್ಕೆ ಬನ್ನಿ.

ಆದ್ರೆ ಅಣ್ಣ ತಮ್ಮಂದಿರ ಹೆಸರು ಗೊತ್ತಾಗೋಕೆ ಅಡ್ಡಹೆಸರು ಗೊತ್ತಿರ್ಬೇಕಲ್ಲ. ಅದು ಸಿಕ್ಕಿದ್ದು ಒಂದು ತಾಮ್ರದ ಕೊಡದಲ್ಲಿ. ನಮ್ಮ ಮನೆಲಿ ಅಟ್ಟದ ಮೇಲೆ ಇದ್ದ ಕೊಡ ಅದು, ಕಂಠದ ಹತ್ರ ಒಂದು ಕಡೆ ತಗ್ಗು ಬಿದ್ದಿದೆ. ಹುಣಸೆಹಣ್ಣು ಹಾಕಿ ತಿಕ್ಕಿದ ಮೇಲೆ ಭುಜದ ಸುತ್ತ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ ಎದ್ದವು. "ಚಿ. ಸೌ." ಅಂತ ಒಂದು ಹೆಸರು, ಕೊಟ್ಟವರ ಎರಡು ಇನಿಶಿಯಲ್, ಅಡ್ಡಹೆಸರು, ರಾಣೆಬೆನ್ನೂರ, 1938. ಅಪ್ಪ ಆ ಕೊಡ ಯಾರೋ ದೂರದ ನೆಂಟರದ್ದು ಅಂತ ಇಷ್ಟು ವರ್ಷ ಅನ್ಕೊಂಡಿದ್ರು, ಯಾಕಂದ್ರೆ ಅದರ ಮೇಲಿದ್ದ ಹೆಣ್ಣಿನ ಹೆಸರು ಅವರವ್ವನದಲ್ಲ. ಅತ್ಯಾಗೆ ಫೋನ್ ಮಾಡಿ ಓದಿ ಹೇಳಿದೆ. "ಹುಚ್ಚಪ್ಪಾ, ಅದ ಆಕಿ ತವರಮನಿ ಹೆಸ್ರು. ಅಕ್ಕಿಯೊಳಗ ಹೆಸರು ಬರದು ಬದಲಿ ಮಾಡತಿದ್ರಲ್ಲೋ ಲಗ್ನದಾಗ" ಅಂದ್ರು. ನಮ್ಮ ಕಡೆ ಮದುವೇಲಿ ಹುಡುಗಿ ಹೆಸರೇ ಬದಲಾಯಿಸೋ ಪದ್ಧತಿ ಇತ್ತು, ಅದು ನನಗೆ ಗೊತ್ತಿತ್ತು, ಆದ್ರೆ ಆ ಕೊಡಕ್ಕೂ ಅದಕ್ಕೂ ಯಾರೂ ಗಂಟು ಹಾಕಿರ್ಲಿಲ್ಲ. ನಿಮ್ಮ ಮನೆ ಹಳೇ ಪಾತ್ರೆ ಮಾರೋ ಮುಂಚೆ ಒಂದ್ಸಲ ತಿಕ್ಕಿ ಓದಿ, ಮದುವೆ ಪಾತ್ರೆ ಮೇಲೆ ಕೊಟ್ಟವರ ಹೆಸರು, ಊರು, ಕೆಲವೊಮ್ಮೆ ತಾರೀಖೂ ಇರುತ್ತೆ. ಫೋಟೋ ತೆಗೀವಾಗ ಟಾರ್ಚ್ ಬೆಳಕು ಪಕ್ಕದಿಂದ ಹಿಡೀರಿ, ನೇರ ಬೆಳಕಲ್ಲಿ ಅಕ್ಷರ ಕಾಣಲ್ಲ.

ಅದೇ ಫೋನ್ ಮಾತಲ್ಲಿ ಅತ್ಯಾ ಇನ್ನೊಂದು ಎಳೆ ಕೊಟ್ರು. "ಆಕಿ ದೊಡ್ಡಣ್ಣ ಮಾಸ್ತರ ಇದ್ದ. ಹೋದಾಗ ಪೇಪರನ್ಯಾಗ ಬಂದಿತ್ತು. ಇಂದಿರಾಗಾಂಧಿ ಎಲ್ಲಾರ್ನೂ ಜೇಲಿಗೆ ಹಾಕ್ಸಿದ್ಲಲ್ಲ, ಆವಾಗ." ಅಂದ್ರೆ ತುರ್ತು ಪರಿಸ್ಥಿತಿ, 1975ರ ಜೂನ್ 25ರಿಂದ 1977ರ ಮಾರ್ಚ್ 21. ವಯಸ್ಸಾದವರನ್ನ ಇಸವಿ ಕೇಳಬೇಡಿ, ಆಗ ದೇಶದಲ್ಲಿ ಏನು ನಡೀತಿತ್ತು, ಮನೇಲಿ ಯಾರ ಮದುವೆ ಆಗಿತ್ತು, ಮಳೆ ಹೇಗಿತ್ತು ಅಂತ ಕೇಳಿ. ಇಪ್ಪತ್ತೊಂದು ತಿಂಗಳ ಪೇಪರ್, ಹುಡುಕಬಹುದು ಅನ್ನಿಸ್ತು.

ಯಾವ ಪೇಪರ್ ಅನ್ನೋದು ಮುಂದಿನ ಪ್ರಶ್ನೆ. ಇದರಲ್ಲಿ ಟೈಮ್ ವೇಸ್ಟ್ ಆಗಬಾರದು ಅಂದ್ರೆ ಯಾವ ಪತ್ರಿಕೆ ಯಾವಾಗ ಶುರುವಾಯ್ತು, ಎಲ್ಲಿ ಓದ್ತಿದ್ರು ಅನ್ನೋದು ಗೊತ್ತಿರ್ಬೇಕು. ಪ್ರಜಾವಾಣಿ 1948ರ ಅಕ್ಟೋಬರ್‌ನಲ್ಲಿ, ಕನ್ನಡಪ್ರಭ 1967ರಲ್ಲಿ, ಉದಯವಾಣಿ 1970ರ ಜನವರಿ 1ಕ್ಕೆ. ಉಡುಪಿ ಕಡೆಯ ಮುತ್ತಜ್ಜ 1965ರಲ್ಲಿ ತೀರಿದ್ರೆ ಉದಯವಾಣಿ ಕೇಳಿ ಪ್ರಯೋಜನ ಇಲ್ಲ, ಮಂಗಳೂರಿನ ನವಭಾರತ ನೋಡ್ಬೇಕು. ಹಳೇ ಮೈಸೂರಿನವರಾದ್ರೆ ತಾಯಿನಾಡು. ನಮ್ಮ ಕಡೆಗೆ ಹುಬ್ಬಳ್ಳಿಯ ಸಂಯುಕ್ತ ಕರ್ನಾಟಕ ಮೊದಲು, ಆಮೇಲೆ ವಿಶಾಲ ಕರ್ನಾಟಕ. ಗಡಿ ಊರಿನವರು ಪಕ್ಕದ ಭಾಷೆ ಪೇಪರ್‌ನೂ ಮರೀಬೇಡಿ.

ಆನ್‌ಲೈನ್‌ನಲ್ಲಿ ಮೊದಲು ನೋಡಿದೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಕನ್ನಡದ ಹಳೇ ಪುಸ್ತಕ, ಮಾಸಪತ್ರಿಕೆ ರಾಶಿ ಇದೆ, ಬರಹಗಾರರು, ಸ್ವಾತಂತ್ರ್ಯ ಹೋರಾಟಗಾರರು, ದೊಡ್ಡ ಮಾಸ್ತರರು ನಿಮ್ಮ ಮನೆತನದಲ್ಲಿದ್ರೆ ಅಲ್ಲಿ ಸಿಗೋ ಚಾನ್ಸ್ ಇದೆ. ನನಗೆ ಬೇಕಾದ ದಿನಪತ್ರಿಕೆ ಸಿಗ್ಲಿಲ್ಲ. ಸ್ಕ್ಯಾನ್ ಸಿಕ್ಕಿದ್ರೂ ಸರ್ಚ್ ಮೇಲೆ ಪೂರ್ತಿ ಭಾರ ಹಾಕಬೇಡಿ, ಹಳೇ ಅಚ್ಚುಮೊಳೆಯ ಒತ್ತಕ್ಷರ ಮಸಿ ಹರಡಿ ಕೂಡ್ಕೊಂಡಿರುತ್ತೆ, ಮಷೀನು ಅದನ್ನ ಏನೇನೋ ಓದುತ್ತೆ.

ಕಾನೂನಿನ ಪ್ರಕಾರ ದೇಶದ ಪತ್ರಿಕೆಗಳೆಲ್ಲ ಕೆಲವು ದೊಡ್ಡ ಗ್ರಂಥಾಲಯಗಳಿಗೆ ಪ್ರತಿ ಕಳಿಸಬೇಕು, 1954ರ ಕಾಯ್ದೆ, 1956ರಲ್ಲಿ ದಿನಪತ್ರಿಕೆಗಳನ್ನೂ ಸೇರಿಸಿದ್ರು. ಕೋಲ್ಕತ್ತದ ನ್ಯಾಷನಲ್ ಲೈಬ್ರರಿ, ಚೆನ್ನೈನ ಕನ್ನೆಮಾರ ಅದರಲ್ಲಿ ಸೇರಿವೆ. ಅಷ್ಟು ದೂರ ಹೋಗೋ ಮುಂಚೆ ಬೆಂಗಳೂರಿನ ಕಬ್ಬನ್ ಪಾರ್ಕ್‌ನಲ್ಲಿರೋ ರಾಜ್ಯ ಕೇಂದ್ರ ಗ್ರಂಥಾಲಯ, ನಿಮ್ಮ ಜಿಲ್ಲೆಯ ಗ್ರಂಥಾಲಯ, ವಿಶ್ವವಿದ್ಯಾಲಯದ ಲೈಬ್ರರಿ, ಪತ್ರಿಕೆಯ ಸ್ವಂತ ಆಫೀಸು, ಹಳೇ ವಾಚನಾಲಯಗಳು ಇವನ್ನೆಲ್ಲ ಕೇಳಿ. ಒಂದು ಪತ್ರಿಕಾ ಕಚೇರಿಲಿ ನನ್ನ ಪತ್ರಕ್ಕೆ ಉತ್ತರಾನೇ ಬರ್ಲಿಲ್ಲ, ಹೋಗಿ ಕೂತ್ರೆ ಸಾಹೇಬ್ರು ಮೀಟಿಂಗಲ್ಲಿದಾರೆ. ಇನ್ನೊಂದು ಹಳೇ ಲೈಬ್ರರಿಲಿ ಆ ಇಪ್ಪತ್ತೊಂದು ತಿಂಗಳಲ್ಲಿ ಮೂರು ತಿಂಗಳ ಸಂಪುಟ ಬೈಂಡಿಂಗ್‌ಗೆ ಹೋಗಿ ವಾಪಸ್ ಬಂದೇ ಇಲ್ಲ ಅಂದ್ರು, ಯಾವಾಗ ಹೋಗಿದ್ದು ಅಂತ ಕೇಳಿದ್ದಕ್ಕೆ ಅವರೇ ನಕ್ಕರು. ಆದ್ರೂ ಅಲ್ಲೇ ಒಳಗೆ ಬಿಟ್ರು, ಅದೇ ದೊಡ್ಡದು.

ಹೋಗುವಾಗ ಏನು ಬೇಕು ಅಂದ್ರೆ, ಆಧಾರ್ ಜೆರಾಕ್ಸ್, ಎರಡು ಪಾಸ್‌ಪೋರ್ಟ್ ಸೈಜ್ ಫೋಟೋ, ಯಾವ ಪತ್ರಿಕೆಯ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಬೇಕು ಅಂತ ಸ್ಪಷ್ಟವಾಗಿ ಬರೆದ ಅರ್ಜಿ. "ಕುಟುಂಬದ ಇತಿಹಾಸ" ಅಂತ ಬರೆದ್ರೆ ಹುಬ್ಬೇರಿಸ್ತಾರೆ, ಆಸ್ತಿ ಜಗಳಕ್ಕೆ ಬಂದಿದಾನೆ ಅನ್ನೋ ಅನುಮಾನ. ನಾನು ಅಜ್ಜಿ ಫೋಟೋ ಜೇಬಲ್ಲಿ ಇಟ್ಕೊಂಡೇ ಹೋಗ್ತಿದ್ದೆ, ತೋರಿಸಿದ್ರೆ ಮಾತು ಬೇರೆ ಥರ ಆಗುತ್ತೆ. ಜೆರಾಕ್ಸ್ ಕೊಡಲ್ಲ, ಸಂಪುಟ ಬೋರಲು ಹಾಕಿ ಒತ್ತಿದ್ರೆ ಬೆನ್ನು ಮುರಿಯುತ್ತೆ. ಮೊಬೈಲ್ ಫೋಟೋಗೆ ಮೊದಲೇ ಅನುಮತಿ ತಗೊಳ್ಳಿ, ಫ್ಲಾಶ್ ಬೇಡ. ಮಾಸ್ಕ್ ಇರ್ಲೇಬೇಕು. ಬಿಳಿ ಶರ್ಟ್ ಹಾಕೊಂಡು ಹೋಗಬೇಡಿ.

ಆ ಸಂಪುಟಗಳು ಹೇಗಿದ್ವು ಅಂದ್ರೆ, ಪುಟ ಎತ್ತಿದ್ರೆ ಅಂಚು ಹಪ್ಪಳದ ಥರ ಮುರಿದು ಮೇಜಿನ ಮೇಲೆ ಬೀಳ್ತಿತ್ತು. ಎರಡೂ ಅಂಗೈ ಪುಟದ ಕೆಳಗೆ ತೂರಿಸಿ ನಿಧಾನಕ್ಕೆ ಮಗುಚಬೇಕು. ಒಳ ಅಂಚಿನ ಕಾಲಂ ಹೊಲಿಗೆ ಒಳಗೆ ಅರ್ಧ ಮುಚ್ಚಿ ಹೋಗಿರುತ್ತೆ, ಅಲ್ಲೇ ನಮಗೆ ಬೇಕಾಗಿದ್ದು ಇರುತ್ತೆ ಬಿಡಿ. ಒಂದು ಅನುಕೂಲ, ಆಗ ನ್ಯೂಸ್‌ಪ್ರಿಂಟ್ ಕೊರತೆ ಇದ್ದ ಕಾಲ, ಪೇಪರ್ ಅಂದ್ರೆ ತೆಳ್ಳಗೆ ಕೆಲವೇ ಪುಟ, ಈಗಿನ ಹಾಗೆ ಸಪ್ಲಿಮೆಂಟು ಅದೂ ಇದೂ ಇಲ್ಲ. ಮೊದಮೊದಲು ನಾನು ಪ್ರತಿ ಸುದ್ದಿ ಓದ್ತಾ ಕೂತ್ಬಿಡ್ತಿದ್ದೆ, ಸಿನಿಮಾ ಜಾಹೀರಾತು, ಹತ್ತಿ ಧಾರಣೆ, ಕಳೆದುಹೋದ ಎಮ್ಮೆ. ಅದು ಬಿಟ್ಟ ಮೇಲೆ ಕೆಲಸ ಓಡ್ತು. ಜಿಲ್ಲಾ ಸುದ್ದಿಯ ಪುಟದ ಕೆಳಭಾಗ, ಧಾರಣೆ ಪಕ್ಕ, ಕಾಲಂ ತುಂಬೋಕೆ ಹಾಕಿದ ಪುಟ್ಟ ಪುಟ್ಟ ಐಟಂಗಳು, ನಿಧನ ವಾರ್ತೆ ಇರೋದು ಇಲ್ಲೇ. ಶೀರ್ಷಿಕೆ "ನಿಧನ" ಅಂತಲೇ ಇರ್ಬೇಕಂತಿಲ್ಲ, ದೈವಾಧೀನ, ಸ್ವರ್ಗವಾಸ, ಲಿಂಗೈಕ್ಯ, ಶಿವೈಕ್ಯ, ವಿಯೋಗ, ಶೋಕ ಸಭೆ ಏನಾದ್ರೂ ಇರಬಹುದು. ಶಾಲೆಯವರು ಮಾಡಿದ ಸಂತಾಪ ಸಭೆ ಸುದ್ದಿಲಿ ಸತ್ತವರ ಹೆಸರು ಮೂರನೇ ಸಾಲಲ್ಲಿ ಬರುತ್ತೆ.

1976ರ ಶುರುವಿನ ಒಂದು ಸಂಚಿಕೇಲಿ ಅದೇ ಜಾಗದಲ್ಲಿ ಬ್ಲೇಡಿನಿಂದ ನೀಟಾಗಿ ಕತ್ತರಿಸಿದ ಚೌಕ ಕಿಂಡಿ. ಆ ಕಿಂಡಿಯಿಂದ ಕೆಳಗಿನ ದಿನದ ಪೇಪರ್ ಕಾಣ್ತಿತ್ತು. ನನ್ನ ಹೊಟ್ಟೇಲಿ ಏನೋ ಕಿವುಚಿದ ಹಾಗಾಯ್ತು, ಇದೇ ಇರ್ಬೇಕು, ಅವರ ಮನೆಯವರೇ ಯಾರೋ ಬಂದು ಕತ್ತರಿಸ್ಕೊಂಡು ಹೋಗಿದಾರೆ ಅಂತ. ಅದೇ ತಾರೀಖಿನ ಇನ್ನೊಂದು ಪ್ರತಿಗೋಸ್ಕರ ಬೇರೆ ಊರಿನ ಲೈಬ್ರರಿಗೆ ಅರ್ಜಿ ಹಾಕಿ ವಾರಗಟ್ಟಲೆ ಕಾದೆ, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹೊರಟು ಬೆಳಿಗ್ಗೆ ಇಳಿದು ನೋಡಿದ್ರೆ, ಆ ಜಾಗದಲ್ಲಿ ಇದ್ದಿದ್ದು ಯಾವುದೋ ಸೊಸೈಟಿ ಚುನಾವಣೆ ಸುದ್ದಿ. ಪುಟದ ಹಿಂದಿನ ಬದಿಗೆ ಸಿನಿಮಾ ಜಾಹೀರಾತು, ಯಾರೋ ಅಭಿಮಾನಿ ಹೀರೋ ಫೋಟೋಗೆ ಕತ್ತರಿಸಿದ್ದ! ಆ ಪುಣ್ಯಾತ್ಮನಿಗೆ ಏನು ಹೇಳೋದು. ಆದ್ರೆ ಈ ಎರಡನೇ ಲೈಬ್ರರಿಲಿ ಮೊದಲನೇದ್ರಲ್ಲಿ ಇಲ್ಲದ ತಿಂಗಳುಗಳೂ ಇದ್ವು, ಬಂದಿದ್ದಕ್ಕೆ ಕೂತು ನೋಡ್ತಾ ಹೋದೆ.

ಸಿಕ್ತು. 1976ರ ಮಳೆಗಾಲದ ಒಂದು ಸಂಚಿಕೆ, ಒಂದೇ ಕಾಲಂ, ಹೆಬ್ಬೆರಳಷ್ಟು ಉದ್ದ. ರಾಣೆಬೆನ್ನೂರಿನ ನಿವೃತ್ತ ಮುಖ್ಯಾಧ್ಯಾಪಕರು, ಕೊಡದ ಮೇಲಿನ ಅದೇ ಎರಡು ಇನಿಶಿಯಲ್, ಅದೇ ಅಡ್ಡಹೆಸರು, ವಯಸ್ಸು 71. ಪತ್ನಿ, ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಮತ್ತು ಅಪಾರ ಬಂಧು ಬಳಗ. ಹೆಸರು? ಒಂದೂ ಇಲ್ಲ. ಆ ಅಪಾರ ಬಂಧು ಬಳಗದಲ್ಲಿ ನಮ್ಮಪ್ಪನೂ ಒಬ್ಬರು ಅಂತ ಅನ್ಕೊಂಡು ಸುಮ್ನೆ ಸ್ವಲ್ಪ ಹೊತ್ತು ಕೂತಿದ್ದೆ. ಲೈಬ್ರರಿಯವರು ಬಂದು "ಸಿಕ್ತೇನ್ರಿ ಸರ" ಅಂತ ಕೇಳಿ ತಾವೂ ಬಗ್ಗಿ ಓದಿ, ಚಹಾ ಕುಡಿಯೋಣ ಬರ್ರಿ ಅಂದ್ರು.

ನಿಧನ ವಾರ್ತೆ ಓದೋ ರೀತಿ ಬಗ್ಗೆ ಸ್ವಲ್ಪ. ವರದಿಗಾರರು ಬರೆದ ಸುದ್ದಿಲಿ ಮಕ್ಕಳ ಸಂಖ್ಯೆ ಇರುತ್ತೆ, ಹೆಸರು ಇರಲ್ಲ. ಮನೆಯವರು ದುಡ್ಡು ಕೊಟ್ಟು ಹಾಕ್ಸಿದ ಶ್ರದ್ಧಾಂಜಲಿ ಜಾಹೀರಾತಲ್ಲಿ ಕೆಳಗೆ "ದುಃಖತಪ್ತರು" ಅಂತ ಹೆಸರಿನ ಪಟ್ಟಿ ಇರುತ್ತೆ. ಹಾಗಾಗಿ ಸುದ್ದಿ ಸಿಕ್ಕಿದ ಕೂಡಲೇ ನಿಲ್ಲಿಸದೆ, ಮುಂದಿನ ಹದಿನೈದು ದಿನ ನೋಡಿ, ಆಮೇಲೆ ಸರಿಯಾಗಿ ಒಂದು ವರ್ಷದ ನಂತರದ ಸಂಚಿಕೆ ನೋಡಿ, ಪ್ರಥಮ ಪುಣ್ಯಸ್ಮರಣೆ ಹಾಕ್ಸಿರಬಹುದು. ಪುಣ್ಯತಿಥಿ ಪಂಚಾಂಗದ ಪ್ರಕಾರ ಹಿಡಿದ್ರೆ ತಾರೀಖು ಹಿಂದೆ ಮುಂದೆ ಆಗುತ್ತೆ, ಅಧಿಕಮಾಸ ಬಂದ ವರ್ಷ ಇನ್ನೂ ದೂರ ಹೋಗುತ್ತೆ. "ಶುಕ್ರವಾರ ನಿಧನರಾದರು" ಅಂತ ಇದ್ರೆ ಅದು ಸುದ್ದಿ ಬರೆದ ದಿನದಿಂದ ಲೆಕ್ಕ, ಅಚ್ಚಾದ ದಿನದಿಂದ ಅಲ್ಲ, ಊರ ಹೆಸರಿನ ಪಕ್ಕ ಸಣ್ಣಕ್ಕೆ ತಾರೀಖು ಇರುತ್ತೆ ನೋಡಿ. ಹಳ್ಳಿಯಿಂದ ಸುದ್ದಿ ಟಪಾಲಿನಲ್ಲಿ ಹೋಗ್ತಿದ್ದ ಕಾಲ, ವಾರ ತಡ ಆಗೋದು ಮಾಮೂಲು. ವಯಸ್ಸನ್ನ ಅಷ್ಟಾಗಿ ನಂಬಬೇಡಿ. ಇನ್ನೊಂದು, ಹುಬ್ಬಳ್ಳಿ ಆವೃತ್ತಿಲಿ ಬಂದ ಸಣ್ಣ ಸುದ್ದಿ ಬೆಂಗಳೂರು ಆವೃತ್ತಿಲಿ ಇರ್ಬೇಕಂತಿಲ್ಲ, ಹಾಗಾಗಿ ಲೈಬ್ರರಿಲಿರೋದು ಯಾವ ಆವೃತ್ತಿ ಅಂತ ಮೊದಲೇ ಕೇಳಿ.

ನಮ್ಮ ಅದೃಷ್ಟಕ್ಕೆ 1977ರಲ್ಲಿ ಪುಣ್ಯಸ್ಮರಣೆ ಜಾಹೀರಾತು ಇತ್ತು. ಮೂವರು ಮಕ್ಕಳ ಹೆಸರು, ಒಬ್ಬರು ಹುಬ್ಬಳ್ಳಿ, ಒಬ್ಬರು ಪುಣೆ, ಒಬ್ಬರು ಊರಲ್ಲೇ. ಹೆಣ್ಣುಮಕ್ಕಳು ಗಂಡನ ಮನೆ ಅಡ್ಡಹೆಸರಿನ ಜೊತೆ. ಕೊನೇಲಿ "ಸಹೋದರಿ" ಅಂತ ಒಂದೇ ಹೆಸರು, ಊರು ಮೀರಜ. ಅಂದ್ರೆ ಅಪ್ಪನಿಗೆ ಇನ್ನೊಬ್ಬ ಚಿಕ್ಕವ್ವ ಇದ್ರು, 1977ರವರೆಗೂ ಬದುಕಿದ್ರು, ಇವರಿಗೆ ಗೊತ್ತೇ ಇರ್ಲಿಲ್ಲ.

ಒಂದೇ ಅಡ್ಡಹೆಸರು, ಅದೇ ಇನಿಶಿಯಲ್ ಬೇರೆಯವರದ್ದೂ ಇರಬಹುದಲ್ಲ, ಅದಕ್ಕೆ ಖಾತ್ರಿ ಮಾಡ್ಕೊಳ್ಳೋಕೆ ರಾಣೆಬೆನ್ನೂರು ಕಡೆಯ ಒಂದು ಹಳೇ ಹೆಣ್ಣುಮಕ್ಕಳ ಶಾಲೆಗೆ ಹೋದೆ. ಮುಂಬಯಿ ಕಾಲದ ಶಾಲೆಗಳಲ್ಲಿ ಜನರಲ್ ರಿಜಿಸ್ಟರ್ ಅಂತ ಇರುತ್ತೆ, ಇದು ಚಿನ್ನದ ಗಣಿ, ಶಾಲೆ ಬದುಕಿದ್ರೆ ರಿಜಿಸ್ಟರೂ ಬದುಕಿರೋ ಸಾಧ್ಯತೆ ಜಾಸ್ತಿ. ಹೆಡ್ ಮೇಡಂ ಪಾಪ ಊಟ ಬಿಟ್ಟು ಬೀರು ತೆಗೆದ್ರು. ಕೊಡದ ಮೇಲಿದ್ದ ಹೆಸರು ಅಲ್ಲಿತ್ತು. ತಂದೆ ಹೆಸರು, ಹುಟ್ಟಿದ ತಾರೀಖು, ಸೇರಿದ ತಾರೀಖು, ಮೂರನೇ ಇಯತ್ತೆ, ಅಂದ್ರೆ ಮೂರನೇ ಕ್ಲಾಸು. ಕೊನೇ ಕಾಲಂ ಶಾಲೆ ಬಿಟ್ಟ ಕಾರಣ, ಅದರಲ್ಲಿ "ಮನೆಗೆಲಸ" ಅಂತ ಕಪ್ಪು ಶಾಯೀಲಿ ಬರೆದಿದ್ರು, ಅದರ ಮೇಲಿನ ಸಾಲಲ್ಲೂ ಅದೇ, ಕೆಳಗಿನ ಸಾಲಲ್ಲೂ ಅದೇ. ಅಪ್ಪನಿಗೆ ಆ ಪುಟದ ಫೋಟೋ ವಾಟ್ಸಾಪ್ ಮಾಡಿದೆ. ಹುಟ್ಟಿದ ತಾರೀಖಿನ ಮೇಲೆ ಬೆರಳಿಟ್ಟು ಝೂಮ್ ಮಾಡಿ ಮಾಡಿ ನೋಡಿದ್ರಂತೆ ಅಂತ ಅಮ್ಮ ಆಮೇಲೆ ಹೇಳಿದ್ರು. ಎಂಬತ್ತೆರಡನೇ ವಯಸ್ಸಲ್ಲಿ ಅವರವ್ವನ ಹುಟ್ಟುಹಬ್ಬ ಅವರಿಗೆ ಮೊದಲನೇ ಸಲ ಗೊತ್ತಾಯ್ತು.

ಇಲ್ಲಿಂದ ಮುಂದಕ್ಕೆ ಬರೋದು ಸ್ವಲ್ಪ ಸಲೀಸು. ಹುಬ್ಬಳ್ಳಿಯ ಮಗ ತೀರಿಕೊಂಡ ಜಾಹೀರಾತು 1990ರ ದಶಕದ ಕೊನೇಲಿ ಸಿಕ್ತು, ಫೋಟೋ, ವಿಳಾಸ, 0836 ಕೋಡಿನ ಲ್ಯಾಂಡ್‌ಲೈನ್ ನಂಬರ್ ಸಮೇತ. ಆಮೇಲೆ ಎಲ್ಲಾ ಲ್ಯಾಂಡ್‌ಲೈನ್ ನಂಬರಿನ ಮುಂದೆ 2 ಸೇರಿಸಿದ್ರಲ್ಲ, ಹಾಗೇ ಸೇರಿಸಿ ಹಚ್ಚಿದೆ, ನಂಬರ್ ಸತ್ತುಹೋಗಿತ್ತು. ವಿಳಾಸಕ್ಕೆ ಹೋದ್ರೆ ಮನೆ ಮಾರಿ ಅಪಾರ್ಟ್‌ಮೆಂಟ್ ಎದ್ದಿದೆ. ಎದುರುಗಡೆ ಹಿಟ್ಟಿನ ಗಿರಣಿಯವರಿಗೆ ಗೊತ್ತಿತ್ತು, ಅವರ ಮೂಲಕ ಮೊಮ್ಮಗನ ನಂಬರ್.

ಆ ಫೋನ್ ಮಾಡೋಕೆ ಮುಂಚೆ ನಾನು ಏನು ಮಾತಾಡ್ಬೇಕು ಅಂತ ಚೀಟಿಲಿ ಬರ್ಕೊಂಡಿದ್ದೆ. ಆದ್ರೂ ಅವರು ಕೇಳಿದ ಮೊದಲ ಪ್ರಶ್ನೆ, "ಇದು ಆಸ್ತಿ ವಿಷಯ ಏನ್ರಿ?" ಬೇಜಾರಾಯ್ತು, ಆದ್ರೆ ಅವರದ್ದು ತಪ್ಪೇನಿಲ್ಲ. 2005ರಲ್ಲಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಕಾನೂನು ಬಂದ ಮೇಲೆ, ಎಲ್ಲೋ ಇದ್ದ ಅತ್ತೆಯ ಮೊಮ್ಮಗ ದಿಢೀರ್ ಅಂತ ಫೋನ್ ಮಾಡಿದ್ರೆ ಯಾರಿಗಾದ್ರೂ ಅದೇ ತಲೆಗೆ ಬರೋದು. ನೀವು ಫೋನ್ ಮಾಡೋ ಬದ್ಲು ಮೊದಲು ಒಂದು ಪತ್ರವೋ ಮೆಸೇಜೋ ಕಳಿಸಿ, ನಿಧನ ವಾರ್ತೆಯ ಫೋಟೋ ಹಾಕಿ, ಹೊಲ ಮನೆ ಏನೂ ಬೇಡ ಅಂತ ಮೊದಲ ಸಾಲಲ್ಲೇ ಹೇಳಿ, ಉತ್ತರಕ್ಕೆ ಅವಸರ ಮಾಡಬೇಡಿ. ನಾನು ಕೊಡದ ಫೋಟೋ, ಅಜ್ಜಿ ಫೋಟೋ ಎರಡೂ ಕಳಿಸಿದೆ. ಬಹಳ ದಿನ ಬ್ಲೂ ಟಿಕ್ ಅಷ್ಟೇ. ಆಮೇಲೆ ಒಂದು ರಾತ್ರಿ ಅವರ ಕಡೆಯಿಂದ ವಾಯ್ಸ್ ಮೆಸೇಜ್, ಅವರ ತಾಯಿದು, ಮಾಸ್ತರರ ಸೊಸೆ: "ನಮ್ಮ ಮಾವನೋರು ಪಕ್ಷಮಾಸದಾಗ ಈ ತಂಗಿ ಹೆಸರು ತಗೊಂಡು ಅಳ್ತಿದ್ರು. ಆಕಿ ಮಗಾ ಇದ್ದಾನಂತ ಗೊತ್ತಿತ್ತು, ಎಲ್ಲಿದ್ದಾನಂತ ಗೊತ್ತಿರ್ಲಿಲ್ಲ. ಅವನ್ನ ಕರಕೊಂಡು ಬಾರಪಾ."

ಹೋದ ತಿಂಗಳು ಅಪ್ಪನ್ನ ಕರ್ಕೊಂಡು ಹೋಗಿದ್ದೆ. ಅಲ್ಲಿ ನಡೆದಿದ್ದು ನಮ್ಮ ಮನೆ ವಿಷಯ, ಅದೆಲ್ಲ ಬರೆಯಲ್ಲ. ಇಷ್ಟು ಹೇಳ್ತೀನಿ, ಅವರ ಹತ್ರ ಅಜ್ಜಿದು ಬೇರೆ ಫೋಟೋ ಇಲ್ಲ, ನಮ್ಮ ಅರ್ಧ ಬೆಳ್ಳಗಾದ ಫೋಟೋನೇ ಅವರೂ ಕಾಪಿ ಮಾಡಿಸ್ಕೊಂಡ್ರು. ಫೋಟೋ ಇರುತ್ತೆ ಅಂತ ಅಪ್ಪ ತುಂಬಾ ಆಸೆ ಇಟ್ಕೊಂಡಿದ್ರು.

ಖರ್ಚು ಕೇಳೋರಿಗೆ: ಲೈಬ್ರರಿಗಳಲ್ಲಿ ಕೊಟ್ಟಿದ್ದು ಹೆಚ್ಚೇನಿಲ್ಲ, ನೂರಿನ್ನೂರರ ಲೆಕ್ಕ. ತಾಲೂಕು ಆಫೀಸಿನ ಶುಲ್ಕವೂ ಅಷ್ಟೇ, ಓಡಾಟವೇ ಜಾಸ್ತಿ. ರೈಲು, ಲಾಡ್ಜು, ಆಟೋ, ರಜಾ ಹಾಕಿದ್ದು ಬಿಟ್ಟು ಸುಮಾರು 15,000 ರೂಪಾಯಿ ಆಗಿರಬಹುದು, ಹುಬ್ಬಳ್ಳಿ ಕಡೆಯವರಿಗೆ ಇದರ ಕಾಲು ಭಾಗಾನೂ ಆಗಲ್ಲ. ಟೈಮು ವರ್ಷದ ಮೇಲೆ ಹಿಡೀತು, ಅದರಲ್ಲಿ ಹೆಚ್ಚಿನದು ಯಾರದ್ದೋ ಅನುಮತಿಗೆ ಕಾದಿದ್ದು. ನೋಡಿದ ಪ್ರತಿ ಸಂಪುಟದ ಪತ್ರಿಕೆ ಹೆಸರು, ಆವೃತ್ತಿ, ತಿಂಗಳು, ಯಾವ ದಿನದ ಸಂಚಿಕೆ ಇಲ್ಲ ಅನ್ನೋದನ್ನೂ ಒಂದು ನೋಟ್‌ಬುಕ್‌ಲಿ ಬರ್ಕೊಳ್ಳಿ, ಮೂರು ತಿಂಗಳು ಬಿಟ್ಟು ಮತ್ತೆ ಹೋದಾಗ ಎಲ್ಲಿವರೆಗೆ ನೋಡಿದ್ದೆ ಅನ್ನೋದು ದೇವರಾಣೆಗೂ ನೆನಪಿರಲ್ಲ.

ಈಗ ಉಳಿದಿರೋದು ಮೀರಜಿನ ಚಿಕ್ಕಜ್ಜಿ. ಆಕೆ 1977ರ ಆಮೇಲೆ ಯಾವಾಗ ಹೋದ್ರು ಅಂತ ಹುಬ್ಬಳ್ಳಿಯವರಿಗೂ ಗೊತ್ತಿಲ್ಲ, ಅವರ ಮಕ್ಕಳು ಸಾಂಗ್ಲಿ ಕಡೆ ಇದ್ರು ಅನ್ನೋದಷ್ಟೇ ಗೊತ್ತು. ಅಂದ್ರೆ ಇನ್ನು ಮರಾಠಿ ಪೇಪರ್ ನೋಡ್ಬೇಕು. ಅಪ್ಪನಿಗೆ ಮರಾಠಿ ಚೆನ್ನಾಗಿ ಓದೋಕೆ ಬರುತ್ತೆ, ಈ ಸಲ ಸಂಪುಟದ ಎದುರು ತಾವೇ ಕೂರ್ತೀನಿ ಅಂತಿದಾರೆ, ಮಾಸ್ಕ್ ಮಾತ್ರ ಬೇಡ್ವಂತೆ.